ಭಾವನ ಮಳೆ, ಆಂಟಿಯ ಮಳೆ, ನಮ್ಮ ತೋಡು

ನಮ್ಮ ಕಡೆ ಬೆಳಿಗ್ಗೆ ಎಂಟು ಗಂಟೆಗೆ ಫೋನ್ ಬಂದರೆ ಯಾರಿಗೋ ಏನೋ ಆಯಿತೆಂದು ಹೆದರಬೇಕಾಗಿಲ್ಲ. ಅದು ಮಳೆಯ ಫೋನು. "ನಿಮ್ಮಲ್ಲಿ ಎಷ್ಟು?" ಅಷ್ಟೇ ಪ್ರಶ್ನೆ. ನಮಸ್ಕಾರ ಇಲ್ಲ, ಕಾಫಿ ಆಯ್ತಾ ಇಲ್ಲ. "ಒಂದು ಇಂಚು ನಲವತ್ತು ಸೆಂಟ್" ಎಂದು ಆಚೆಯವರು ಹೇಳಬೇಕು, "ಓ, ನಮ್ಮಲ್ಲಿ ಒಂದು ಐವತ್ತು" ಎಂದು ಈಚೆಯವರು ಹೇಳಬೇಕು, ಫೋನ್ ಇಡಬೇಕು. ಕೊಡಗಿನಲ್ಲಿ ಸ್ವಲ್ಪ ಕಾಫಿ ಗಿಡ ಇರುವ ಯಾರ ಅಂಗಳಕ್ಕೆ ಹೋದರೂ ರೇನ್‌ಗೇಜ್ ಎನ್ನುವ ಮಳೆ ಅಳೆಯುವ ಡಬ್ಬಿ ಇದ್ದೇ ಇರುತ್ತದೆ. ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಆ ಸೆಂಟಿಗಾಗಿ ಇಲ್ಲಿ ನೆಂಟಸ್ತನ ಮುರಿದುಕೊಂಡವರೂ ಇದ್ದಾರೆ.

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಈ ಫೋನಿನ ಯುದ್ಧದಲ್ಲಿ ಯಾವತ್ತೂ ಸೋತವರಲ್ಲ. ಅವರ ಎದುರಾಳಿ ನಮ್ಮ ತೋಡಿನ, ಅಂದರೆ ಹಳ್ಳದ, ಆಚೆ ದಡದ ತೋಟದ ಒಡತಿ. ತಾನೇ ಜೀಪು ಓಡಿಸಿಕೊಂಡು, ಕಾಫಿ ಪಿಕಿಂಗ್ ಸಮಯದಲ್ಲಿ ಲೆಕ್ಕ ಬರೆಯುವ ರೈಟರನ್ನೂ ಬಿಡದೆ ಗದರಿಸಿಕೊಂಡು ತೋಟ ನಡೆಸುವ ಕೊಡವ ಹೆಂಗಸು. ಊರಿಗೆಲ್ಲ ಅವರು ಆಂಟಿ. ಭಾವನಿಗೂ ಅವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದರೂ ಭಾವ ಬೇಕೆಂದೇ ಆಂಟಿ ಎನ್ನುತ್ತಾರೆ, ಅವರ ಮೈ ಉರಿಯಲಿ ಎಂದು. ಅವರು ಭಾವನನ್ನು "ಗೌಡ್ರೇ" ಎನ್ನುತ್ತಾರೆ, ಆ ಒಂದು ಪದದಲ್ಲಿ ಎಷ್ಟು ಹುಳಿ ಹಿಂಡಬಹುದೋ ಅಷ್ಟನ್ನೂ ಹಿಂಡಿ. ನಮ್ಮ ಮನೆಯ ಮಾತು ಅರೆಭಾಷೆ, ಅವರ ಮನೆಯದು ಕೊಡವ. ಜಗಳಕ್ಕೆ ಮಾತ್ರ ಇಬ್ಬರಿಗೂ ಕನ್ನಡವೇ ಆಗಬೇಕು. ಈಗ ಫೋನಿನ ಜೊತೆಗೆ ವಾಟ್ಸಾಪ್ ಬೇರೆ. ಊರಿನ ತೋಟದವರದೊಂದು ಮಳೆ ಗ್ರೂಪ್ ಇದೆ. ಇಬ್ಬರ ಲೆಕ್ಕವೂ ದಿನಾ ಅದರಲ್ಲಿ ಬಂದು ಕೂರುತ್ತದೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ನಾನು ಮಡಿಕೇರಿಯ ಮೇಷ್ಟರೊಬ್ಬರ ಮಗಳು, ನಾನೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬಾಯಿ ಸ್ವಲ್ಪ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ಮಳೆ ಪೈಪೋಟಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದರೆ ನನ್ನ ಮನೆ ಉಳಿದದ್ದೇ ಇದರಿಂದ ಎಂದರೆ ನೀವು ನಂಬಬೇಕು.

ಆ ಮನೆಯ ಸಂಗತಿ ಮೊದಲು ಹೇಳಿಬಿಡುತ್ತೇನೆ. ನಮ್ಮ ಪೇಟೆಯ ಮೇಲಿನ ಗುಡ್ಡದಿಂದ ಒಂದು ತೋಡು ಇಳಿದು ಬರುತ್ತದೆ. ಬೇಸಿಗೆಯಲ್ಲಿ ಪಾದ ಒದ್ದೆಯಾಗುವಷ್ಟು, ಮಳೆಗಾಲದಲ್ಲಿ ಮಾತು ಕೇಳಿಸದಷ್ಟು. ಅದು ಭಾವನ ತೋಟ ಮತ್ತು ಆಂಟಿಯ ತೋಟದ ನಡುವೆ ಹಾದು, ರಸ್ತೆಯ ಮೋರಿಯ ಕೆಳಗೆ ನುಸುಳಿ, ಒಂದು ತಿರುವು ತೆಗೆದುಕೊಳ್ಳುತ್ತದೆ. ಆ ತಿರುವಿನಲ್ಲಿ ನನ್ನ ಮನೆ. ಮದುವೆಯಾಗಿ ವರ್ಷಗಟ್ಟಲೆ ಬಾಡಿಗೆ ಮನೆಗಳಲ್ಲಿ ಮೊಳೆ ಹೊಡೆಯಲೂ ಅಪ್ಪಣೆ ಕೇಳಿಕೊಂಡು ಬದುಕಿದ ಮೇಲೆ ನನ್ನ ಸಂಬಳದಲ್ಲಿ ಕಟ್ಟಿಸಿದ ಮನೆ ಅದು. ಅಡುಗೆಮನೆಯ ಕಿಟಕಿಯಿಂದ ತೋಡು ಕಾಣಲೆಂದೇ ಕಟ್ಟಿಸಿದ್ದು. ಮೆಟ್ಟಿಲು ಎತ್ತರ ಇಟ್ಟು, ನೀರು ಬಾರದ ಹಾಗೆಯೇ ಕಟ್ಟಿಸಿದ್ದೆ. ಬರಲೂ ಇಲ್ಲ, ಮೇಲಿನ ಗುಡ್ಡಕ್ಕೆ ಜೆಸಿಬಿ ಬರುವ ತನಕ.

ಗುಡ್ಡವನ್ನು ಯಾರೋ ಕೊಂಡು ಲೇಔಟ್ ಮಾಡಲು ಹೊರಟರು. ಸಿಲ್ವರ್ ಓಕ್ ಮರಗಳು ಹೋದವು, ಬರೆ ಎನ್ನುವ ಗುಡ್ಡದ ಇಳಿಜಾರನ್ನು ಕಡಿದು ಸೈಟುಗಳ ಮೆಟ್ಟಿಲು ಮಾಡಿದರು. ಆ ವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದು ನೋಡಿದರೆ ಅಡುಗೆಮನೆಯಲ್ಲಿ ಕೆಂಪು ನೀರು. ಅಕ್ಕಿ ಡಬ್ಬ ತೇಲುತ್ತಾ ಬಂದು ನನ್ನ ಕಾಲಿಗೆ ತಾಗಿತು. ನಾನು ಅತ್ತೆ. ಮುಚ್ಚುಮರೆ ಏಕೆ, ನಿಂತಲ್ಲೇ ಗಟ್ಟಿಯಾಗಿ ಅತ್ತೆ. ಆಮೇಲೆ ಸೀರೆ ಎತ್ತಿಕಟ್ಟಿ ಕೆಸರು ಬಾಚಿದೆ. ಸಂಜೆ ಬಂದವರೆಲ್ಲ ಒಂದೇ ಬುದ್ಧಿವಾದ ಹೇಳಿದರು: "ಮಾರಿಬಿಡಿ ಟೀಚರ್, ಇನ್ನು ಇಲ್ಲಿ ಇರ್ಲಿಕ್ಕೆ ಆಗ್ಲಿಕ್ಕಿಲ್ಲ." ಮಾರುವುದಂತೆ! ತೋಡು ತನ್ನಷ್ಟಕ್ಕೆ ಹೋಗುತ್ತಿತ್ತು, ನಾನು ನನ್ನಷ್ಟಕ್ಕೆ ಇದ್ದೆ. ಮಧ್ಯೆ ಬಂದವರು ಯಾರೋ, ಗಂಟುಮೂಟೆ ಕಟ್ಟಬೇಕಾದವಳು ನಾನೋ?

ಬೇಸಿಗೆ ಬಂದಾಗ ಪೇಟೆಯ ಯೋಜನಾ ಕಚೇರಿಯ ಗೋಡೆಗೆ ಹೊಸ ನಕ್ಷೆಯೊಂದನ್ನು ಅಂಟಿಸಿದರು. ಊರು ಮುಂದೆ ಹೇಗೆ ಬೆಳೆಯಬೇಕು ಎಂಬುದರ ಕರಡು ನಕ್ಷೆ, ಆಕ್ಷೇಪ ಇದ್ದವರು ಹೇಳಬಹುದು ಎಂದಿತ್ತು. ನಾನು ಕನ್ನಡಕ ಏರಿಸಿ ನಮ್ಮ ತೋಡನ್ನು ಹುಡುಕಿದೆ. ಇಲ್ಲ! ನೀಲಿ ಗೆರೆ ಇರಬೇಕಾದ ಕಡೆ ಸಣ್ಣ ಕಪ್ಪು ಗೆರೆ, ಪಕ್ಕದಲ್ಲಿ "ಮಳೆನೀರಿನ ಚರಂಡಿ" ಎಂಬ ಬರಹ. ಲೇಔಟ್‌ನವರು ಆ ಚರಂಡಿಯನ್ನು ಪೈಪಿನೊಳಗೆ ತುಂಬಿ, ಮೇಲೆ ರಸ್ತೆ ಮಾಡುತ್ತಾರಂತೆ. ಸಿಮೆಂಟಿನ ದೊಡ್ಡ ಪೈಪುಗಳು ಆಗಲೇ ಮೋರಿಯ ಹತ್ತಿರ ಬಂದು ಬಿದ್ದಿದ್ದವು. ಪೈಪಿನ ಬಾಯಿ ತೆರೆದುಕೊಳ್ಳುವುದು ಎಲ್ಲಿಗೆ? ನನ್ನ ಮನೆಯ ತಿರುವಿಗೆ.

ನಾನು ಆ ಕಚೇರಿಯಲ್ಲಿ ಹಾಕಿದ ಬೊಬ್ಬೆಗೆ ಟೈಪ್ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಒಳಗಿನಿಂದ ಒಬ್ಬಳು ಹುಡುಗಿ ಎದ್ದು ಬಂದಳು. ಹಾಸನದ ಕಡೆಯವಳು, ಹೊಸದಾಗಿ ಸೇರಿದ ಯೋಜನಾಧಿಕಾರಿ. ಹೆದರಲೂ ಇಲ್ಲ, ಸಿಡುಕಲೂ ಇಲ್ಲ. "ಕೂತ್ಕೊಳಿ ಮೇಡಂ, ಒಂದ್ ವಿಷ್ಯ ತೋರಿಸ್ತೀನಿ" ಎಂದು ತನ್ನ ಕಂಪ್ಯೂಟರಿನಲ್ಲಿ ಇನ್ನೊಂದು ನಕ್ಷೆ ತೆರೆದಳು. ಅದರಲ್ಲಿ ವಾರ್ಡುಗಳಿರಲಿಲ್ಲ. ಎಲ್ಲಿ ಬಿದ್ದ ಮಳೆ ಯಾವ ತೋಡಿಗೆ ಇಳಿಯುತ್ತದೆ ಎಂಬ ಪ್ರಕಾರ ಊರನ್ನು ಚೂರುಚೂರಾಗಿ ಪಾಲು ಮಾಡಿದ್ದಳು. ಅದಕ್ಕೆ ಅವಳು ಕಿರು ಜಲಾನಯನ ಎನ್ನುತ್ತಿದ್ದಳು. ಭಾವನ ಅಂಗಳ, ಆಂಟಿಯ ತೋಟ, ಲೇಔಟಿನ ಗುಡ್ಡ, ನನ್ನ ಅಡುಗೆಮನೆ ಎಲ್ಲವೂ ಒಂದೇ ಬಣ್ಣದ ಒಂದೇ ಚೂರಿನೊಳಗಿದ್ದವು. ಬೇರೆ ಬೇರೆ ವಾರ್ಡಿನವರು ನಾವು, ನೀರಿನ ಲೆಕ್ಕದಲ್ಲಿ ಒಂದೇ ಮನೆಯವರು. ಅದನ್ನು ನೋಡಿ ನನಗೆ ಒಂದು ಕ್ಷಣ ಸಿಟ್ಟು ಮರೆತೇ ಹೋಯಿತು.

"ನಂಗೂ ಇದು ತೋಡು ಅಂತ್ಲೇ ಅನ್ಸುತ್ತೆ ಮೇಡಂ," ಎಂದಳು. "ಆದ್ರೆ ಪೈಪಿನ ಅಳತೆ ಹಾಕಿರೋದು ಗುಡ್ಡದ ಆಚೆ ಕಡೆ ಇರೋ ಮಳೆ ಲೆಕ್ಕ ಇಟ್ಕೊಂಡು. ಅಲ್ಲಿ ಮಳೆ ಕಮ್ಮಿ. ನಿಮ್ಮ ಕಡೆ ಮಳೆ ಎಷ್ಟು, ತೋಡಲ್ಲಿ ನೀರು ಎಷ್ಟು ಅಂತ ಅಳತೆ ಇಲ್ದೆ ನಾನು ಏನೂ ಮಾಡಕ್ಕಾಗಲ್ಲ."

ಅಳತೆಯಾ? ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮೂರಿನಲ್ಲಿ ಬೇರೆ ಏನಿಲ್ಲದಿದ್ದರೂ ಮಳೆ ಲೆಕ್ಕಕ್ಕೆ ಬರವೇ? ಆ ಕ್ಷಣವೇ ಮಳೆ ಗ್ರೂಪಿಗೆ ಅವಳನ್ನು ಸೇರಿಸಿದೆ. ವರ್ಷಗಳ ಲೆಕ್ಕ, ಒಂದೇ ತೋಡಿನ ಎರಡು ದಡದ ಲೆಕ್ಕ, ದಿನ ತಪ್ಪದೆ. ಮನೆಗೆ ಬಂದು ಪಾಯಸ ಮಾಡಿದೆ.

ಪಾಯಸ ಜೀರ್ಣವಾಗುವ ಮೊದಲೇ ಅವಳ ಫೋನ್ ಬಂತು. ಸ್ವರ ಮೆತ್ತಗಿತ್ತು. "ಮೇಡಂ, ಬೇಜಾರ್ ಮಾಡ್ಕೋಬೇಡಿ. ಈ ಅಂಕಲ್ ಯಾವತ್ತೂ ಸೋತೇ ಇಲ್ವಾ?"

ನಾನು ಗ್ರೂಪ್ ತೆರೆದು ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡಿದೆ. ಆಂಟಿಯದು ಎಂಬತ್ತು ಸೆಂಟ್ ಎಂದರೆ ಭಾವನದು ತೊಂಬತ್ತು. ಆಂಟಿಯದು ಮೂರು ಇಂಚು ಎಂದರೆ ಭಾವನದು ಮೂರು ಹತ್ತು. ಯಾವ ಮಳೆಯಾದರೂ ಸರಿ, ಆಂಟಿಯದು ಮೊದಲು, ಭಾವನದು ಸ್ವಲ್ಪ ಹೊತ್ತಿನ ಮೇಲೆ, ಸ್ವಲ್ಪ ಜಾಸ್ತಿ. ಮೋಡಕ್ಕೆ ನಮ್ಮ ಭಾವನ ಮೇಲೆ ಇಷ್ಟೊಂದು ಪ್ರೀತಿ ಇರಲು ಸಾಧ್ಯವೇ? ಆಕ್ಷೇಪಗಳ ಮೊದಲ ಸಭೆಯಲ್ಲಿ ಲೇಔಟ್‌ನವರ ಇಂಜಿನಿಯರ್ ಇದನ್ನೇ ಎತ್ತಿಕೊಂಡ. "ಇದು ಮಳೆ ಲೆಕ್ಕ ಅಲ್ಲ ಸಾರ್, ಹಿರಿಯರ ಹರಟೆ" ಎಂದು ನಕ್ಕ. ಸಭೆಯೂ ನಕ್ಕಿತು. ಭಾವನನ್ನು ಬಲ್ಲವರು ಇನ್ನೂ ಜೋರಾಗಿ ನಕ್ಕರು. ಕೊನೆಗೆ ಕಚೇರಿಯ ದೊಡ್ಡ ಅಧಿಕಾರಿ ಇಷ್ಟು ಮಾತ್ರ ಒಪ್ಪಿದರು: ಬರುವ ಮಳೆಗಾಲ ಮುಗಿಯುವ ತನಕ ಪೈಪು ಹಾಕುವುದು ಬೇಡ, ಅಷ್ಟರೊಳಗೆ ಸರಿಯಾದ ಅಳತೆ ತಂದರೆ ನೋಡೋಣ, ಇಲ್ಲದಿದ್ದರೆ ಚರಂಡಿ ಚರಂಡಿಯೇ.

ನಾನು ಸಭೆಯಿಂದ ನೇರವಾಗಿ ಭಾವನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

"ಭಾವ, ನಿಮ್ಮ ರೇನ್‌ಗೇಜಿನಲ್ಲಿ ನಿಜವಾಗಿ ಎಷ್ಟು ಮಳೆ ಬೀಳ್ತದೆ?"

"ಗ್ರೂಪಿನಲ್ಲಿ ಹಾಕ್ತೇನಲ್ಲ."

"ಅದು ಆಂಟಿಯ ಮಳೆಗೆ ನೀವು ಹತ್ತು ಸೆಂಟ್ ಸೇರಿಸಿದ ಮಳೆ. ನಿಮ್ಮದು ಎಷ್ಟು?"

ಅವರು ಸುಣ್ಣದ ಡಬ್ಬಿ ಮುಚ್ಚಿದರು. "ನೋಡು ಟೀಚರಮ್ಮ, ಆಂಟಿ ಹೇಳುವುದು ಸತ್ಯ ಅಂತ ನಿನಗೆ ಯಾರು ಹೇಳಿದ್ದು? ಅವಳೂ ಸೇರಿಸಿಯೇ ಹೇಳುವುದು. ಅವಳು ಸೇರಿಸ್ತಾಳೆ ಅಂತ ನಾನು ಸೇರಿಸ್ತೇನೆ. ಹತ್ತು ಸೆಂಟಿನಲ್ಲಿ ಯಾರಪ್ಪನ ಗಂಟು ಹೋಗ್ತದೆ?"

"ನನ್ನ ಮನೆ ಹೋಗ್ತದೆ!" ಎಂದು ನಾನು ಕಿರುಚಿದೆ. ಅಂಗಳದ ನಾಯಿ ಎದ್ದು ಹಿತ್ತಲಿಗೆ ಹೋಯಿತು. "ನಿಮ್ಮಿಬ್ಬರ ಜಂಬಕ್ಕೆ ನನ್ನ ಅಡುಗೆಮನೆ ತೋಡಾಗ್ತದೆ. ಇನ್ನು ಬಾಯಿ ತೆರೆದು ಮಳೆ ಅಂದ್ರೆ ನೋಡಿ!" ಭಾವನ ಎದುರು ಹೀಗೆ ಮಾತಾಡಿದ ಸೊಸೆ ನಮ್ಮ ಮನೆತನದಲ್ಲಿ ನಾನೊಬ್ಬಳೇ ಇರಬೇಕು. ಅವರು ಎಲೆ ಅಡಿಕೆ ತಟ್ಟೆಯನ್ನು ಸುಮ್ಮನೆ ದೂರ ಸರಿಸಿದರು.

ಮನೆಗೆ ನಡೆದು ಬರುವಾಗ ಉಪಾಯ ಹೊಳೆಯಿತು. ಮಕ್ಕಳ ಕೈಯಲ್ಲಿ ಉತ್ತರಪತ್ರಿಕೆ ಅದಲುಬದಲು ಮಾಡಿಸಿ ತಿದ್ದಿಸುತ್ತೇವಲ್ಲ, ಹಾಗೆ! ಈ ಮಳೆಗಾಲ ಭಾವ ಆಂಟಿಯ ರೇನ್‌ಗೇಜ್ ನೋಡಬೇಕು, ಆಂಟಿ ಭಾವನದು ನೋಡಬೇಕು. ಎದುರಾಳಿಯ ಮಳೆಗೆ ಯಾರು ಸೆಂಟ್ ಸೇರಿಸುತ್ತಾರೆ? ಯೋಜನಾ ಕಚೇರಿಯ ಹುಡುಗಿಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆದರೆ ಒಪ್ಪಿದಳು. ಎರಡು ಅಂಗಳಕ್ಕೂ ಒಂದೇ ನಮೂನೆಯ ಹೊಸ ರೇನ್‌ಗೇಜ್ ತಂದು, ಮರದ ಹನಿ ಬೀಳದ ಕಡೆ ತಾನೇ ನೆಟ್ಟಳು. ಮೋರಿಯ ಗೋಡೆಗೆ ಅಡಿ, ಇಂಚಿನ ಗೆರೆ ಎಳೆದು ಬಣ್ಣ ಹಚ್ಚಿದಳು. ಲೇಔಟ್‌ನವರ ಪೈಪು ಎಷ್ಟು ನೀರು ಹೊರಬಲ್ಲದೋ ಲೆಕ್ಕ ಹಾಕಿ, ತೋಡು ಅಷ್ಟಕ್ಕೆ ಏರಿದಾಗ ನೀರು ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಒಂದು ಕೆಂಪು ಗೆರೆ ಎಳೆದಳು. ಆ ಗೆರೆಯ ಕೆಳಗೆ ನೀರು ನಿಂತರೆ ಲೇಔಟ್‌ನವರು ಸರಿ, ದಾಟಿದರೆ ನಾನು ಸರಿ. ಇಷ್ಟು ಸರಳ.

ಸರಳ ಎಂದುಕೊಂಡದ್ದು ನನ್ನ ಮೂರ್ಖತನ. ಮಳೆ ಹಿಡಿಯಿತು. ತೋಡು ಆನೆ ಘೀಳಿಟ್ಟ ಹಾಗೆ ಸದ್ದು ಮಾಡುತ್ತಿದೆ, ನನ್ನ ಕೊಡೆ ಮುರಿದಿದೆ, ಶಾಲೆಯ ಅಂಗಳದಲ್ಲಿ ನೀರು ನಿಂತಿದೆ. ಎಂಟು ಗಂಟೆಗೆ ಭಾವನ ಫೋನ್: "ಆಂಟಿಯಲ್ಲಿ ನೋಡಿ ಬಂದೆ. ಎಂತದೂ ಇಲ್ಲ. ತಳ ಒದ್ದೆ ಆಗಿದೆ ಅಷ್ಟೆ." ಅದರ ಬೆನ್ನಿಗೆ ಆಂಟಿಯ ಫೋನ್: "ಟೀಚರ್, ನಿನ್ನ ಭಾವನಲ್ಲಿ ಎರಡು ಹನಿ ಉಂಟು. ಅದೂ ಇಬ್ಬನಿಯಾ ಅಂತ ನನಗೆ ಡೌಟು." ಆ ವಾರ ನಮ್ಮ ಗ್ರೂಪ್ ನೋಡಿದವರು ಕೊಡಗಿಗೆ ಬರಗಾಲ ಬಂತೆಂದು ತಿಳಿದುಕೊಳ್ಳಬೇಕಿತ್ತು. ಹೆಚ್ಚು ಹೇಳಿ ಕೆಡಿಸಿದವರು ಈಗ ಕಡಿಮೆ ಹೇಳಿ ಕೆಡಿಸುತ್ತಿದ್ದರು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ಮರುದಿನ ಭಾನುವಾರ. ಇಬ್ಬರನ್ನೂ ಮೋರಿಯ ಹತ್ತಿರ ಬರಲು ಹೇಳಿದೆ. ಬಂದರು, ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ನಾನು ಶಾಲೆಯ ಸ್ವರದಲ್ಲೇ ಹೇಳಿದೆ: ಇನ್ನು ಮೇಲೆ ಇಬ್ಬರೂ ಒಟ್ಟಿಗೆ ಹೋಗಬೇಕು. ಮೊದಲು ಆಂಟಿಯ ಅಂಗಳ, ಆಮೇಲೆ ಭಾವನ ಅಂಗಳ, ಕೊನೆಗೆ ಈ ಮೋರಿ. ಗಾಜಿನ ಅಳತೆಯನ್ನು ಇಬ್ಬರೂ ನೋಡಬೇಕು. ಇಬ್ಬರೂ ಹೌದು ಎಂದ ಲೆಕ್ಕ ಮಾತ್ರ ಲೆಕ್ಕ.

"ಇವನ ಜೊತೆಗಾ? ದಿನಾ?" ಎಂದರು ಆಂಟಿ.

"ನನಗೂ ಅದೇ ಶಿಕ್ಷೆ ಅಲ್ವಾ," ಎಂದರು ಭಾವ.

"ಬೇಡದಿದ್ದರೆ ಬಿಡಿ," ಎಂದೆ. "ನಾನು ಮನೆ ಮಾರಿ ಹೋಗ್ತೇನೆ. ಆ ಕಿಟಕಿಯ ಹತ್ತಿರ ಕೂತು ನಿಮಗಿಬ್ಬರಿಗೂ ಕಾಫಿ ಕೊಟ್ಟದ್ದು ಸಾಕು." ಹೇಳುವಾಗ ಸಿಟ್ಟಿನಲ್ಲೇ ಹೇಳಿದ್ದು. ಆದರೆ ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ಆ ಕಿಟಕಿಯ ಕಡೆಗೇ ಹೋಯಿತು. ಇಬ್ಬರೂ ಮೊದಲ ಬಾರಿಗೆ ಒಬ್ಬರನ್ನೊಬ್ಬರು ನೋಡಿದರು. ಆಂಟಿ ಜೀಪಿನಿಂದ ಕೊಡೆ ತೆಗೆದರು. "ಬನ್ನಿ ಗೌಡ್ರೇ, ಹೊತ್ತಾಯ್ತು" ಎಂದರು.

ಅಂದಿನಿಂದ ಶುರುವಾದ ಮೆರವಣಿಗೆಯನ್ನು ನೋಡಲು ಪೇಟೆಯವರು ಬಸ್‌ಸ್ಟ್ಯಾಂಡಿನಿಂದ ಕತ್ತು ಚಾಚುತ್ತಿದ್ದರು. ಮುಂದೆ ಆಂಟಿ, ಗಂಬೂಟು ಹಾಕಿಕೊಂಡು. ಹಿಂದೆ ಭಾವ, ಜಿಗಣೆಗೆ ಸುಣ್ಣ ಹಿಡಿದುಕೊಂಡು. ಗಾಜಿನ ಅಳತೆಯನ್ನು ಒಬ್ಬರು ಎತ್ತಿ ಹಿಡಿದರೆ ಇನ್ನೊಬ್ಬರು ಬಗ್ಗಿ ಕಣ್ಣು ಅದಕ್ಕೇ ನೆಟ್ಟು ನೋಡುವುದು. "ಎಪ್ಪತ್ತೆರಡು." "ಎಪ್ಪತ್ತು." "ಕನ್ನಡಕ ಒರೆಸಿಕೊಳ್ಳಿ." "ಕೈ ನಡುಗಿಸಬೇಡಿ ಮತ್ತೆ." ಒಂದು ಸೆಂಟಿಗೆ ಹತ್ತು ಮಾತು. ಕೊನೆಗೆ ಇಬ್ಬರೂ ಒಪ್ಪಿದ ಒಂದು ಅಂಕಿ. ಹುಡುಗಿ ನನಗೆ ಒಂದು ದಿನ ಹೇಳಿದಳು, "ಮೇಡಂ, ಮಿಷನ್ ಇಟ್ಟಿದ್ರೂ ನಂಗೆ ಇಷ್ಟು ನಂಬ್ಕೆ ಬರ್ತಿರ್ಲಿಲ್ಲ." ಹೌದು ಮತ್ತೆ! ಇಬ್ಬರು ಜಗಳಗಂಟರು ಹೌದೆಂದು ಒಪ್ಪಿದ ಮೇಲೆ ಮೂರನೆಯವರು ಅಲ್ಲವೆನ್ನುವುದು ಹೇಗೆ?

ತೋಡಿನ ವೇಗ ಅಳೆಯಲು ಅವಳು ಕಿತ್ತಳೆ ಹಣ್ಣು ಬೇಕೆಂದಳು. ಕಿತ್ತಳೆ ಮುಳುಗುವುದಿಲ್ಲ, ಪೂರ್ತಿ ತೇಲುವುದೂ ಇಲ್ಲ, ಬಣ್ಣ ದೂರದಿಂದ ಕಾಣುತ್ತದೆ. ಮೇಲಿನ ಪೇರಳೆ ಮರದ ಹತ್ತಿರ ಬಿಟ್ಟು ಮೋರಿ ತಲುಪಲು ಎಷ್ಟು ಹೊತ್ತು ಬೇಕೆಂದು ನೋಡುವುದು. ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ ನೀರಿನ ಲೆಕ್ಕ. ಮಳೆಗಾಲದ ಕಿತ್ತಳೆಗೆ ಹೇಗೂ ರುಚಿ ಕಡಿಮೆ, ಭಾವ ಬುಟ್ಟಿ ತುಂಬ ತಂದರು. ಆಂಟಿಯೂ ತಂದರು. ಯಾರ ಕಿತ್ತಳೆ ಮೊದಲು ಮೋರಿ ತಲುಪುತ್ತದೆ ಎಂದು ಅದಕ್ಕೂ ಪೈಪೋಟಿ! ನಾನು ಮೋರಿಯ ಮೇಲೆ ಫೋನ್ ಹಿಡಿದು ನಿಂತು, ಹಣ್ಣು ಬಂದ ಕೂಡಲೆ "ಬಂತು!" ಎಂದು ಕೂಗುತ್ತಿದ್ದೆ. ಎಷ್ಟು ವರ್ಷ ವೇಗ, ದೂರ, ಕಾಲ ಎಂದು ಕರಿಹಲಗೆಯ ಮೇಲೆ ಬರೆದಿದ್ದೇನೋ. ಅದನ್ನು ಮಳೆಯಲ್ಲಿ ನೆನೆದುಕೊಂಡು ಮಾಡಿದಾಗ ಸಿಕ್ಕಿದ ಸುಖವೇ ಬೇರೆ.

ಜುಲೈ ನಡುವಿಗೆ ಶುರುವಾಗುವ ಕಕ್ಕಡ ತಿಂಗಳು ಬಂತು. ನಡುವೆ ಮಳೆ ಬಿಡುವು ಕೊಟ್ಟ ನಾಲ್ಕು ದಿನ ನೋಡಿಕೊಂಡು ಗುಡ್ಡಕ್ಕೆ ಮತ್ತೆ ಜೆಸಿಬಿ ಹತ್ತಿಸಿ, ಉಳಿದಿದ್ದ ಹಸಿರನ್ನೂ ಬೋಳಿಸಿದರು. ಅದಾದ ಮೇಲೆ ತೋಡಿನ ಗುಣವೇ ಬದಲಾಯಿತು. ಮೊದಲು ಎರಡು ಇಂಚು ಮಳೆಗೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತಿದ್ದದ್ದು, ಈಗ ಅದೇ ಎರಡು ಇಂಚಿಗೆ ಹೊಡೆದುಕೊಂಡು ಬರತೊಡಗಿತು. ನೀರು ಟೀ ಬಣ್ಣಕ್ಕೆ ತಿರುಗಿತು. ಇಬ್ಬರ ಮಾತೂ ಕಡಿಮೆಯಾಯಿತು. ಒಂದು ಬೆಳಿಗ್ಗೆ ಭಾವ ಮೋರಿಯ ಮೇಲೆ ನಿಂತು, "ಇದು ನಮ್ಮ ತೋಡು ಅಲ್ಲ ಆಂಟಿ" ಎಂದರು. ಆಂಟಿ ಹೌದೆಂದು ತಲೆಯಾಡಿಸಿದರು.

ಆಮೇಲೆ ಆ ದಿನ. ಶಾಲೆಗೆ ಮಳೆ ರಜೆ ಕೊಟ್ಟಿದ್ದರು. ಬೆಳಿಗ್ಗೆಯಿಂದ ಆಕಾಶ ಮುಗುಚಿ ಹಾಕಿದ ಹಾಗೆ ಸುರಿಯುತ್ತಿತ್ತು. ನಾನು ಅಕ್ಕಿ, ಬೇಳೆ, ಹಾಸಿಗೆ ಎಲ್ಲವನ್ನೂ ಅಟ್ಟಕ್ಕೆ ಏರಿಸಿ ಮೋರಿಗೆ ಓಡಿದೆ. ಭಾವ, ಆಂಟಿ, ಹುಡುಗಿ ಆಗಲೇ ಅಲ್ಲಿದ್ದರು. ನೀರು ಒಂದೊಂದೇ ಗೆರೆಯನ್ನು ನುಂಗುತ್ತಾ ಬಂತು. ಕೆಂಪು ಗೆರೆಯ ಕೆಳಗೆ ಬಂದು ಸ್ವಲ್ಪ ಹೊತ್ತು ಕುಣಿಯಿತು. ದಾಟಿದರೆ ಗೆದ್ದೆ ಎಂದು ನನಗೆ ಗೊತ್ತು. ದಾಟಿದ ನೀರು ಮುಂದೆ ಹೋಗುವುದು ನನ್ನ ಮನೆಗೇ ಎಂಬುದೂ ಗೊತ್ತು. ಯಾವ ದೇವರಿಗೆ ಏನೆಂದು ಹರಕೆ ಹೇಳಲಿ? ಆಗ ಆಂಟಿ ಕೂಗಿದರು: "ದಾಟಿತು ಗೌಡ್ರೇ, ದಾಟಿತು!" ಭಾವ ಎರಡೂ ಕೈ ಎತ್ತಿದರು, ಅವರ ಕೊಡೆ ತೋಡಿಗೆ ಬಿದ್ದು ಹೋಯಿತು. ಹುಡುಗಿ ಫೋಟೋ ತೆಗೆದಳು, ಕಿತ್ತಳೆ ಬಿಟ್ಟಳು. ನಾನು ಮನೆಯ ಕಡೆ ಓಡಿದೆ. ನೀರು ನನ್ನ ಮೆಟ್ಟಿಲನ್ನು ಒಂದೊಂದಾಗಿ ಏರಿ, ಹೊಸ್ತಿಲಿನ ಕೆಳಗೆ ಬಂದು ನಿಂತಿತು. ಹೋದ ವರ್ಷ ತಿರುವಿನಲ್ಲಿ ನೀರಿಗೆ ಅಡ್ಡವಾಗಿದ್ದ ಬರೆಯ ಮಣ್ಣನ್ನು ಬೇಸಿಗೆಯಲ್ಲೇ ತೆಗೆಸಿದ್ದೆ, ತೋಡಿಗೆ ಹರಡಿಕೊಳ್ಳಲು ಎದುರು ದಡದ ಗದ್ದೆಯೂ ಇನ್ನೂ ಖಾಲಿ ಇತ್ತು, ಅದಕ್ಕೆ ನಿಂತಿತು. ಪೈಪಿನಲ್ಲಿ ಬಂದಿದ್ದರೆ ನಿಲ್ಲುತ್ತಿತ್ತೇ?

ಕೊನೆಯ ಸಭೆಗೆ ಇಡೀ ಪೇಟೆ ಬಂದಿತ್ತು. ಮಾದಾಪುರದ ಕಡೆಯ ನೆಂಟರೂ, ಸಂಪಾಜೆಯ ಕಡೆಯ ತೋಟದವರೂ ಬಂದಿದ್ದರು. ಬರೆ ಜರಿಯುವುದನ್ನು ಕಂಡ ಊರಿನವರಿಗೆ ಇದು ಬರೀ ನಮ್ಮ ತೋಡಿನ ವಿಷಯ ಅನ್ನಿಸಿರಲಿಲ್ಲ. ಹುಡುಗಿ ಗೋಡೆಯ ಮೇಲೆ ತನ್ನ ಗೆರೆಗಳನ್ನೆಲ್ಲ ತೋರಿಸಿದಳು. ಮಳೆ ಇಷ್ಟು, ತೋಡು ಇಷ್ಟು, ಬರೆ ಬೋಳಾದ ಮೇಲೆ ಅದೇ ಮಳೆಗೆ ತೋಡು ಇಷ್ಟು. ಲೇಔಟ್‌ನವರ ಇಂಜಿನಿಯರ್ ಎದ್ದ, ಅದೇ ನಗು. "ಎಲ್ಲಾ ಸರಿ ಸಾರ್. ಆದ್ರೆ ಇದಕ್ಕೆ ಮೂಲ ಯಾರ ಲೆಕ್ಕ? ಯಾವತ್ತೂ ಸೋಲದ ಅದೇ ಅಂಕಲ್ ಅಲ್ವಾ?"

ಸಭೆ ಮತ್ತೆ ನಕ್ಕಿತು. ಈ ಒಂದು ನಗುವಿನಲ್ಲಿ ಇಡೀ ಮಳೆಗಾಲ ಕೊಚ್ಚಿಕೊಂಡು ಹೋಗುವುದರಲ್ಲಿತ್ತು. ಹಿಂದಿನ ಸಾಲಿನಲ್ಲಿ ಭಾವ ಎದ್ದು ನಿಂತರು. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಮದುವೆಗೆ ಹೋಗುವ ಹಾಗೆ. ಸುತ್ತ ಕೂತವರೆಲ್ಲ ಅವರ ಫೋನಿನ ಎದುರು ವರ್ಷಗಟ್ಟಲೆ ಸೋತವರೇ.

"ಹೌದು, ನಾನು ಸೇರಿಸಿ ಹೇಳ್ತಿದ್ದೆ," ಎಂದರು. "ನಿಮಗೆಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಆದರೆ ಈ ವರ್ಷದ್ದು ಆ ಲೆಕ್ಕ ಅಲ್ಲ." ಆಂಟಿಯ ಕಡೆ ಕೈ ತೋರಿಸಿದರು. "ಈ ಮಳೆಗಾಲ ಆಂಟಿಯಲ್ಲೇ ಜಾಸ್ತಿ ಮಳೆ ಬಿದ್ದದ್ದು. ದಿನಾ ನೋಡಿದ್ದೇನೆ, ನನ್ನ ಕಣ್ಣಿನಲ್ಲೇ. ನಾನು ಸೋತಿದ್ದೇನೆ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಿದ್ದ ಮನುಷ್ಯ ತಾನಾಗಿಯೇ ಮೀಸೆ ಮಣ್ಣು ಮಾಡಿಕೊಂಡಿದ್ದರು, ನನ್ನ ಮನೆಗಾಗಿ. ನಾನು ಸೆರಗಿನಲ್ಲಿ ಕಣ್ಣು ಒತ್ತಿಕೊಂಡೆ. ಎಲ್ಲರೂ ಆಂಟಿಯ ಕಡೆ ತಿರುಗಿದರು, ಈಗ ಏನು ಚುಚ್ಚುತ್ತಾರೋ ಎಂದು. ಅವರು ನಿಧಾನವಾಗಿ ಎದ್ದರು.

"ಸಾರ್," ಎಂದರು ದೊಡ್ಡ ಅಧಿಕಾರಿಗೆ. "ಈ ಮನುಷ್ಯ ನನಗೆ ಸೋತೆ ಅಂತ ಬಾಯಿ ಬಿಟ್ಟು ಹೇಳಿದ್ದು ನಾನು ಹುಟ್ಟಿ ಇವತ್ತೇ ಕೇಳಿದ್ದು. ಇದಕ್ಕಿಂತ ದೊಡ್ಡ ಸಾಕ್ಷಿ ನಿಮಗೆ ಎಲ್ಲಿ ಸಿಗ್ತದೆ? ಬರೆದುಕೊಳ್ಳಿ ಸಾರ್, ಅದು ತೋಡು!"

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಸೀಟಿ ಹೊಡೆದವರೂ ಇದ್ದರು. ದೊಡ್ಡ ಅಧಿಕಾರಿ ನಗು ತಡೆಯಲಾಗದೆ ಕನ್ನಡಕ ತೆಗೆದರು. ಇಂಜಿನಿಯರ್ ಕೂತುಬಿಟ್ಟ. ತೀರ್ಮಾನ ಅಲ್ಲೇ ಆಯಿತು: ನಕ್ಷೆಯಲ್ಲಿ ತೋಡನ್ನು ತೋಡೆಂದೇ ನೀಲಿಯಲ್ಲಿ ಬರೆಯುವುದು, ಎರಡೂ ದಡದಲ್ಲಿ ಏನೂ ಕಟ್ಟದೆ ಜಾಗ ಬಿಡುವುದು, ಪೈಪು ಬೇಡವೇ ಬೇಡ. ಲೇಔಟ್‌ನವರು ಬೋಳು ಬರೆಗೆ ಹುಲ್ಲು, ಗಿಡ ಹಾಕಿ, ತಮ್ಮ ಗುಡ್ಡದ ನೀರನ್ನು ತಮ್ಮಲ್ಲೇ ಹೊಂಡಗಳಲ್ಲಿ ತಡೆದು ನಿಧಾನವಾಗಿ ಬಿಡಬೇಕು, ಆಮೇಲೆಯೇ ಸೈಟು. ಹೊರಗೆ ಬಂದಾಗ ಹುಡುಗಿ ನನ್ನನ್ನು ಅಪ್ಪಿಕೊಂಡಳು. ಆಂಟಿ ಭಾವನಿಗೆ ತಮ್ಮ ಜೀಪಿನಲ್ಲಿ ಮುಂದಿನ ಸೀಟು ಕೊಟ್ಟರು, "ಗೌಡ್ರೇ, ಬಾಗಿಲು ಮೆಲ್ಲಗೆ ಹಾಕಿ" ಎನ್ನುತ್ತಾ.

ಪೈಪುಗಳನ್ನು ಲಾರಿಗೆ ಏರಿಸಿದ ದಿನ ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಮೋರಿಯ ಮೇಲೆ ಕೂತು, ಕಡಲೆಬೀಜ ತಿನ್ನುತ್ತಾ, ಕೊನೆಯ ಪೈಪು ಹೋಗುವ ತನಕ ನೋಡಿದೆ. ಅಷ್ಟು ರುಚಿಯಾದ ಕಡಲೆಬೀಜ ನಾನು ಅದಕ್ಕೆ ಮೊದಲೂ ತಿಂದಿಲ್ಲ, ಆಮೇಲೂ ತಿಂದಿಲ್ಲ.

ಮುಂದಿನ ಮಳೆಗಾಲ ಬಂತು. ಅದೇ ಕಕ್ಕಡ, ಅದೇ ಹುಚ್ಚು ಮಳೆ. ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ತೋಡು ತುಂಬಿತ್ತು, ಬಿಟ್ಟ ಜಾಗದಲ್ಲಿ ಆರಾಮಾಗಿ ಮೈ ಹರಡಿಕೊಂಡಿತ್ತು, ತಿರುವು ತೆಗೆದುಕೊಂಡು ತನ್ನ ದಾರಿಯಲ್ಲಿ ಹೋಗುತ್ತಿತ್ತು. ನೀರಿನ ಬಣ್ಣ ಇನ್ನೂ ಸ್ವಲ್ಪ ಮಬ್ಬು, ಟೀ ಬಣ್ಣ ಮಾತ್ರ ಹೋಗಿತ್ತು. ಎಂಟು ಗಂಟೆಗೆ ಫೋನ್ ಬಂತು. ಭಾವ.

"ಟೀಚರಮ್ಮ, ನೀರು ಎಲ್ಲಿಗೆ ಬಂದಿದೆ?"

"ಕೆಳಗಿನ ಮೆಟ್ಟಿಲನ್ನೂ ಮುಟ್ಟಿಲ್ಲ ಭಾವ."

ಆಚೆ ಭಾವನ ಹಿಂದಿನಿಂದ ಆಂಟಿಯ ಸ್ವರ ಕೇಳುತ್ತಿತ್ತು, "ಹೇಳಿ, ಹೇಳಿ, ನಾಚಿಕೆ ಎಂತಕ್ಕೆ?"

"ನಮ್ಮಲ್ಲಿ ನಾಲ್ಕು ಇಂಚು," ಎಂದರು ಭಾವ. "ಆಂಟಿಯಲ್ಲಿ ನಾಲ್ಕು ಇಂಚು ಹನ್ನೆರಡು ಸೆಂಟ್. ಇಬ್ಬರೂ ನೋಡಿದ್ದೇವೆ. ಕಾಫಿ ಇಡು, ಬರ್ತಾ ಇದ್ದೇವೆ."

ಒಣ ನೆಲದ ಮೇಲೆ ನಿಂತು ನಾನು ಕಾಫಿಗೆ ನೀರು ಇಟ್ಟೆ.